ಪ್ರಳಯಕಥೆಯೂ ಭೂಗರ್ಭಶಾಸ್ತ್ರವೂ

ಜಲಪ್ರಳಯದ ಕಥೆಯು ಭರತಖಂಡಕ್ಕೆ ಮಾತ್ರ ಸೇರಿದ ಸೊತ್ತಲ್ಲ. ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಸೀಮೆಯವರು ಅದನ್ನು ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಯೆಹೂದ್ಯರ ಧರ್ಮಗ್ರಂಥದಲ್ಲಿ ಅದು ನೋಹನ ಹೆಸರಿನಿಂದ ಪ್ರಸಿದ್ಧವಾಯಿತು. ಗ್ರೀಕರು ಡ್ಯುಕೇಲಿಯನ್ ಎಂಬವನ ಹೆಸರಿನಿಂದಲೂ ಚೀನದೇಶದವರು ಯೂ ಎಂಬ ರಾಜನ ಹೆಸರಿನಿಂದಲೂ ಅದನ್ನು ಹೇಳಿಕೊಂಡು ಬಂದರು. ಈ ದೇಶದಲ್ಲಿ ಅದು ಮನುವಿನ ಕಥೆ, ಮೀನಿನ ಕಥೆ. ಇಷ್ಟು ದೂರದೂರದ ಜನಾಂಗಗಳು ಒಂದೇ ಬಗೆಯ ಕಥೆಯನ್ನು ಹೇಳುತ್ತಿರುವಲ್ಲಿ, ಅದರ ಬುಡದಲ್ಲಿ ಯಾವುದೋ ಒಂದು ನಿಜವಾದ ನೀರು ಇದ್ದಿರಬೇಕಲ್ಲವೆ ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುವುದು. ಭೂಗರ್ಭಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಬಹುಕಾಲವಾಯಿತು. ಅಮೆರಿಕದ ವಿದುಷಿ ಡೊರೊಥಿ ವಿಟಾಲಿಯಾನೊ 1968ರಲ್ಲಿ ಇಂಥ ವಿಚಾರಕ್ಕೆ ಒಂದು ಶಾಸ್ತ್ರದ ಹೆಸರನ್ನೇ ಕೊಟ್ಟು, 1973ರಲ್ಲಿ ಅದರ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದರು. ಕನ್ನಡದಲ್ಲಿ ಅದನ್ನು ಭೂಪುರಾಣವಿಚಾರ ಎನ್ನಬಹುದು.

ಈ ಪ್ರಸ್ತಾಪ ಬಂದಾಗಲೆಲ್ಲ ವಿದ್ಯಾವಂತರ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಪುರಾಣದಲ್ಲಿ ಹೇಳಿದ್ದನ್ನು ವಿಜ್ಞಾನವೂ ಕಡೆಗೆ ಒಪ್ಪಿತು ಎಂದು ಕೆಲವರು ಹಿಗ್ಗುವರು. ಯಾವುದೋ ಹೊಳೆ ಉಕ್ಕಿದ್ದನ್ನು ಹಿಂದಿನವರು ಲೋಕಪ್ರಳಯವೆಂದು ಹಿಗ್ಗಲಿಸಿದರು, ಇಷ್ಟೇ ಅದರ ಗುಟ್ಟು ಎಂದು ಮತ್ತೆ ಕೆಲವರು ನಗುವರು. ಈ ಎರಡು ಪಕ್ಷಗಳೂ ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ತೋರಿದರೂ ಎರಡರ ತಳಹದಿ ಒಂದೇ. ಕಥೆಯ ಬೆಲೆಯೆಲ್ಲ ಅದರ ಕೆಳಗೆ ಸಿಕ್ಕುವ ಕೆಸರಿನ ಪದರದಲ್ಲಿದೆ ಎಂದು ಇಬ್ಬರೂ ಭಾವಿಸಿರುವರು. ಆ ಪದರ ಸಿಕ್ಕಿತೆಂದು ಒಬ್ಬರಿಗೆ ಸಂತೋಷ, ಅಷ್ಟೇ ಸಿಕ್ಕಿತೆಂದು ಇನ್ನೊಬ್ಬರಿಗೆ ತಾತ್ಸಾರ. ಕಥೆಯನ್ನು ಕಥೆಯಾಗಿ ಓದುವ ಶ್ರಮವನ್ನು ಮಾತ್ರ ಇಬ್ಬರೂ ತೆಗೆದುಕೊಂಡಂತಿಲ್ಲ.

ಈ ವಿಷಯವನ್ನು ಒರೆಹಚ್ಚಿ ನೋಡುವುದಕ್ಕೆ ಹೊಸ ಒರೆಗಲ್ಲನ್ನು ಹುಡುಕಬೇಕಾಗಿಲ್ಲ. ಪೂರ್ವಮೀಮಾಂಸಕರು ಬಹುಕಾಲದ ಹಿಂದೆಯೇ ಒಂದನ್ನು ಸಿದ್ಧಮಾಡಿಟ್ಟಿರುವರು. ವೇದದಲ್ಲಿ ಬರುವ ಸ್ತುತಿ, ನಿಂದೆ, ಕಥೆಗಳನ್ನು ಅವರು ಅರ್ಥವಾದವೆಂದು ಕರೆದು, ಅದನ್ನು ಮೂರಾಗಿ ವಿಂಗಡಿಸಿದರು. ಬೇರೆ ಪ್ರಮಾಣಕ್ಕೆ ವಿರುದ್ಧವಾದುದು ಗುಣವಾದ. ಯಜ್ಞದ ಕಂಬವೇ ಸೂರ್ಯನೆಂದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳದೆ, ಕಂಬದ ಹೊಳಪನ್ನು ಕುರಿತ ಮಾತೆಂದು ತಿಳಿಯಬೇಕು. ಬೇರೆ ಪ್ರಮಾಣದಿಂದಲೇ ತಿಳಿದುಬರುವುದು ಅನುವಾದ. ಬೆಂಕಿಯು ಚಳಿಗೆ ಮದ್ದು ಎಂಬುದು ಎಲ್ಲರೂ ಕಂಡ ಸಂಗತಿಯನ್ನೇ ಮತ್ತೆ ಹೇಳಿದಂತೆ. ವಿರೋಧವೂ ಇಲ್ಲದೆ ಸಮರ್ಥನೆಯೂ ಇಲ್ಲದೆ ನಿಲ್ಲುವುದು ಭೂತಾರ್ಥವಾದ. ಇಂದ್ರನು ವೃತ್ರನ ಮೇಲೆ ವಜ್ರವನ್ನೆತ್ತಿದನೆಂಬುದು ಇದಕ್ಕೆ ಉದಾಹರಣೆ. ಇವೆಲ್ಲಕ್ಕೂ ಮೇಲಾದ ನಿಯಮ ಇನ್ನೊಂದಿದೆ. ಅರ್ಥವಾದದ ತಾತ್ಪರ್ಯವು ಅದರ ಮೈಯಲ್ಲಿಲ್ಲ, ಅದು ಯಾವ ವಿಧಿಗೆ ಅಂಗವಾಗಿ ಬಂದಿದೆಯೋ ಆ ವಿಧಿಯಲ್ಲಿದೆ. ಯಜ್ಞದ ಪ್ರಕರಣಕ್ಕಾಗಿ ಹುಟ್ಟಿದ ಈ ವಿವೇಕವು ಪ್ರಳಯಕಥೆಗಳ ವಿಮರ್ಶೆಗೂ ಚೆನ್ನಾಗಿ ಸಲ್ಲುವುದು.

ಮೊದಲು ಕಥೆಯನ್ನು ನೋಡಬೇಕು. ಮನುವಿನ ಪ್ರಳಯಕಥೆ ಈ ದೇಶದ ವಾಙ್ಮಯದಲ್ಲಿ ಮೊದಲು ವಿಸ್ತಾರವಾಗಿ ಬರುವುದು ಶತಪಥಬ್ರಾಹ್ಮಣದಲ್ಲಿ. ಅಲ್ಲಿ ಮನುವು ಬೆಳಗಿನಲ್ಲಿ ಕೈತೊಳೆಯುತ್ತಿರಲು ಒಂದು ಪುಟ್ಟ ಮೀನು ಅವನ ಕೈಗೆ ಸಿಕ್ಕುವುದು. ನನ್ನನ್ನು ಸಾಕು, ನಿನ್ನನ್ನು ದಾಟಿಸುವೆನು ಎಂದು ಅದು ಹೇಳುವುದು. ಚಿಕ್ಕವರಾಗಿರುವಷ್ಟು ಕಾಲ ಮೀನನ್ನು ಮೀನೇ ನುಂಗುವುದರಿಂದ ತನಗೆ ಅಪಾಯವಿದೆಯೆಂದೂ ತಿಳಿಸುವುದು. ಮನುವು ಅದನ್ನು ಮೊದಲು ಕುಂಭದಲ್ಲಿ, ಅನಂತರ ಗುಂಡಿಯಲ್ಲಿ, ಕೊನೆಗೆ ಸಮುದ್ರದಲ್ಲಿ ಬಿಡುವನು. ಮೀನು ಹೇಳಿದ ವರ್ಷದಲ್ಲಿ ನೀರು ಏರಿ, ಮೀನಿನ ಕೊಂಬಿಗೆ ಕಟ್ಟಿದ ಹಡಗು ಉತ್ತರದ ಪರ್ವತವನ್ನು ಮುಟ್ಟುವುದು. ನೀರು ಇಳಿದಂತೆಲ್ಲ ಮನುವೂ ಮೆಲ್ಲಮೆಲ್ಲನೆ ಇಳಿಯುವನು. ಮೀನು ದೇವರೆಂದು ಅಲ್ಲಿ ಹೇಳಿಲ್ಲ. ನೀರು ಏಕೆ ಬಂದಿತೆಂದೂ ಹೇಳಿಲ್ಲ. ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. ಒಬ್ಬನೇ ಉಳಿದ ಮನುವು ನೀರಿನಲ್ಲಿ ತುಪ್ಪ, ಮೊಸರು ಮೊದಲಾದುವನ್ನು ಹೋಮಮಾಡಲು ಅದರಿಂದ ಇಡೆಯೆಂಬ ಕನ್ಯೆ ಹುಟ್ಟುವಳು. ಯಜ್ಞದಲ್ಲಿ ಇಡಾಭಾಗವೆಂಬ ಹವಿಸ್ಸಿನ ಮಹಿಮೆಯನ್ನು ಹೇಳುವುದಕ್ಕಾಗಿಯೇ ಈ ಕಥೆಯೆಲ್ಲವೂ ಬಂದಿದೆ. ಮೀಮಾಂಸಕನ ಕಣ್ಣಿನಲ್ಲಿ ಪ್ರಳಯವು ಇಲ್ಲಿ ಪೀಠಿಕೆ ಮಾತ್ರ; ತಾತ್ಪರ್ಯ ಇಡೆಯಲ್ಲಿದೆ.

ಮಹಾಭಾರತದ ವನಪರ್ವಕ್ಕೆ ಬರುವ ವೇಳೆಗೆ ಕಥೆಯು ಬೆಳೆಯಿತು. ಮೀನು ಕುಂಭದಿಂದ ಬಾವಿಗೆ, ಬಾವಿಯಿಂದ ಗಂಗೆಗೆ, ಗಂಗೆಯಿಂದ ಸಮುದ್ರಕ್ಕೆ ಹೋಗುವುದು. ಹಡಗಿನಲ್ಲಿ ಸಪ್ತರ್ಷಿಗಳೂ ಸಕಲ ಬೀಜಗಳೂ ಸೇರಿದುವು. ಹೆಸರಿಲ್ಲದ ಉತ್ತರದ ಪರ್ವತವು ಹಿಮಾಲಯದ ನೌಬಂಧನ ಶಿಖರವಾಯಿತು. ಮೀನು ತಾನು ಪ್ರಜಾಪತಿ ಬ್ರಹ್ಮನೆಂದು ತಿಳಿಸಿತು. ಮತ್ಸ್ಯಪುರಾಣದಲ್ಲಿ ಮನುವಿನ ತಪಸ್ಸು ಮಲಯಪರ್ವತದ ಕಡೆಗೆ ಬಂದಿತು, ಮೀನು ವಿಷ್ಣುವಾಯಿತು, ನೀರಿಗಿಂತ ಮೊದಲು ದೀರ್ಘವಾದ ಅನಾವೃಷ್ಟಿಯೂ ಅಗ್ನಿಯೂ ಬಂದುವು. ಭಾಗವತದ ಎಂಟನೆಯ ಸ್ಕಂಧದಲ್ಲಿ ಕಥಾನಾಯಕನು ದ್ರವಿಡದೇಶದ ರಾಜರ್ಷಿ ಸತ್ಯವ್ರತ. ಮೀನು ಅವನ ಬೊಗಸೆಗೆ ಸಿಕ್ಕಿದ್ದು ಕೃತಮಾಲಾ ನದಿಯಲ್ಲಿ. ಆ ನದಿಯು ಮಧುರೆಯ ವೈಗೈಯೆಂದು ಹಲವು ಪಂಡಿತರ ಅಭಿಪ್ರಾಯ. ವೇದಗಳನ್ನು ಕದ್ದ ಹಯಗ್ರೀವನ ವಧೆಯೂ ಅಲ್ಲಿ ಸೇರಿತು.

ಇವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುವುದು. ಕಥೆಯಲ್ಲಿ ಭೂಗರ್ಭಶಾಸ್ತ್ರಜ್ಞನಿಗೆ ಬೇಕಾದ ಅಂಶಗಳೆಲ್ಲವೂ ಚಲಿಸುತ್ತಿವೆ. ಸ್ಥಳವು ಉತ್ತರದ ಪರ್ವತದಿಂದ ದಕ್ಷಿಣದ ನದಿಗೆ ಬಂದಿತು. ಒಮ್ಮೆ ಏಕೆ ಬಂದಿತೆಂದೇ ಹೇಳದ ನೀರು, ಇನ್ನೊಮ್ಮೆ ಬೆಂಕಿಯ ಬೆನ್ನಟ್ಟಿ ಬಂದಿತು. ಕಾಲವು ಒಂದು ವರ್ಷದ ಅವಧಿಯಿಂದ ಕಲ್ಪಾಂತರಕ್ಕೆ ಹೋಯಿತು. ಹೇಳುವವನು ತನ್ನ ಊರಿನ ಹೊಳೆಯನ್ನೇ ಕಥೆಯ ಹೊಳೆಯಾಗಿ ಮಾಡಿಕೊಂಡನು. ಹೀಗಿರುವಲ್ಲಿ ಅಗೆಯುವವನು ಗುದ್ದಲಿಯನ್ನು ಎಲ್ಲಿ ಊರಬೇಕು?

ಚಲಿಸದೆ ನಿಂತಿರುವುದು ಒಂದೇ ಚಿತ್ರ: ದೊಡ್ಡವನ ಅಂಗೈಯಲ್ಲಿ ಚಿಕ್ಕದೊಂದು ಮೀನು, ಅದರ ಮೊರೆ, ಅದನ್ನು ಕೇಳಿದ ದೊರೆ. ಬಲವುಳ್ಳದ್ದು ಬಲವಿಲ್ಲದ್ದನ್ನು ನುಂಗುವುದನ್ನು ರಾಜನೀತಿಯವರು ಮಾತ್ಸ್ಯನ್ಯಾಯವೆಂದು ಕರೆದಿರುವುದು ವಾಚಕರಿಗೆ ತಿಳಿದೇ ಇದೆ. ಮಾತ್ಸ್ಯನ್ಯಾಯದಿಂದ ಪೀಡಿತರಾದ ಪ್ರಜೆಗಳು ವೈವಸ್ವತ ಮನುವನ್ನು ರಾಜನನ್ನಾಗಿ ಮಾಡಿಕೊಂಡರೆಂದು ಕೌಟಿಲ್ಯನ ಅರ್ಥಶಾಸ್ತ್ರವು ಹೇಳುವುದು. ಆ ಮನುವಿನ ಕೈಗೇ ಮೀನು ಬಂದಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ರಕ್ಷಿಸಬೇಕಾದವನು ರಕ್ಷಿಸಿದರೆ ಅವನಿಗೆ ಮುನ್ನೆಚ್ಚರಿಕೆ ಸಿಕ್ಕುವುದು, ಅವನ ಹಡಗು ದಡ ಮುಟ್ಟುವುದು ಎಂಬುದು ಆ ಕಥೆಯ ವಿಧಿ. ನೀರು ಈ ವಿಧಿಗೆ ಅಂಗ.

ಅದಂತಿರಲಿ. ಅಂಗವಾದ ನೀರನ್ನು ಕುರಿತು ಶಾಸ್ತ್ರಜ್ಞರು ಹೇಳಿರುವುದನ್ನೂ ನ್ಯಾಯವಾಗಿ ಪರಿಶೀಲಿಸತಕ್ಕದ್ದೇ. 1872ರ ಡಿಸೆಂಬರಿನಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸನು, ಗಿಲ್ಗಮೇಶನ ಕಾವ್ಯದ ಹನ್ನೊಂದನೆಯ ಹಲಗೆಯಲ್ಲಿ ಪ್ರಳಯದ ವೃತ್ತಾಂತವಿದೆಯೆಂದು ಲಂಡನ್ನಿನಲ್ಲಿ ಪ್ರಕಟಿಸಿದನು. ಅಂದಿನಿಂದ ಆ ನೀರಿನ ಗುರುತನ್ನು ನೆಲದಲ್ಲಿ ಹುಡುಕುವ ಆಸೆ ಬಲವಾಯಿತು. ಊರ್ ಎಂಬ ಹಳೆಯ ಪಟ್ಟಣವನ್ನು ಅಗೆಯುತ್ತಿದ್ದ ಲಿಯೊನಾರ್ಡ್ ವುಲ್ಲಿ ಎಂಟು ಅಡಿಗೂ ಮಿಕ್ಕ ಶುದ್ಧವಾದ ಮೆಕ್ಕಲುಮಣ್ಣಿನ ಪದರವನ್ನು ಕಂಡು, 1929ರಲ್ಲಿ ಪ್ರಳಯವೇ ಸಿಕ್ಕಿತೆಂದು ಸಾರಿದರು. ಆದರೆ ನೆರೆಯ ಕಿಶ್ ಮತ್ತು ಶುರುಪ್ಪಾಕ್ ಪಟ್ಟಣಗಳಲ್ಲಿ ಸಿಕ್ಕಿದ ಪದರಗಳ ಕಾಲ ಊರಿನದಕ್ಕೆ ಹೊಂದಲಿಲ್ಲ. ಲೋಕವನ್ನು ಮುಳುಗಿಸಿದ ಒಂದು ಪ್ರಳಯದ ಬದಲು, ಬೇರೆ ಬೇರೆ ಶತಮಾನಗಳಲ್ಲಿ ಬೇರೆ ಬೇರೆ ಊರುಗಳನ್ನು ಮುಳುಗಿಸಿದ ಹಲವು ಪ್ರವಾಹಗಳು ಸಿಕ್ಕಿದಂತಾಯಿತು. ತಾರ್ಕಿಕರು ಇದನ್ನು ಅವ್ಯಾಪ್ತಿದೋಷವೆನ್ನುವರು: ಹೇಳಬೇಕಾದುದು ವಿಶಾಲ, ಹೇಳಿದ ಕಾರಣ ಕಿರಿದು.

ಇದಕ್ಕೆ ಎದುರಾದ ದೋಷವು ಹಿಮಯುಗದ ವಾದದಲ್ಲಿದೆ. ಸುಮಾರು 20,000 ವರ್ಷಗಳ ಹಿಂದೆ ಭೂಮಿಯ ನೀರಿನಲ್ಲಿ ಒಂದು ಭಾಗ ಹಿಮವಾಗಿ ನಿಂತಿದ್ದು, ಸಮುದ್ರಮಟ್ಟವು ಈಗಿನದಕ್ಕಿಂತ ಸುಮಾರು 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿದಂತೆ ಸಮುದ್ರವು ಏರಿ ತೀರದ ನೆಲಗಳನ್ನು ನುಂಗಿತು. ಇದರಲ್ಲಿ ಸಂದೇಹವಿಲ್ಲ. ಆದರೆ ಈ ಏರಿಕೆ ಬಹುಮಟ್ಟಿಗೆ ಮುಗಿಯುವುದಕ್ಕೆ ಸುಮಾರು 13,000 ವರ್ಷಗಳು ಹಿಡಿದುವು. ಸರಾಸರಿ ಲೆಕ್ಕದಲ್ಲಿ ನೂರು ವರ್ಷಕ್ಕೆ ಒಂದು ಮೀಟರಿಗಿಂತಲೂ ಕಡಮೆ. ನಡುನಡುವೆ ಏರಿಕೆಯು ತೀವ್ರವಾದ ಕಾಲಗಳು ಇದ್ದುವು. ತಗ್ಗಾದ ಕರಾವಳಿಯಲ್ಲಿ ಅಜ್ಜನು ಉತ್ತ ಹೊಲವು ಮೊಮ್ಮಗನ ಕಾಲಕ್ಕೆ ಕಡಲಾಗಿರಬಹುದು. ಆದರೂ ಒಂದು ಬೆಳಗ್ಗೆ ಹಡಗನ್ನೇರಿ ಹೊರಡುವ ಮನುವಿಗೂ ಈ ಮಂದಗತಿಯ ಕಡಲಿಗೂ ಹೊಂದಿಕೆ ಕಾಣದು. ಮೇಲಾಗಿ, ಕಡಲು ಎಲ್ಲ ತೀರಗಳಲ್ಲಿಯೂ ಏರಿತೆಂದ ಮೇಲೆ ಎಲ್ಲ ಕಥೆಗಳಿಗೂ ಅದೇ ಕಾರಣವಾಗಬಲ್ಲುದು; ಎಲ್ಲಕ್ಕೂ ಸಲ್ಲುವ ಕಾರಣ ಯಾವುದೊಂದನ್ನೂ ವಿವರಿಸದು. ಇದು ಅತಿವ್ಯಾಪ್ತಿ.

ಈ ಎರಡರ ನಡುವೆ ನಿಲ್ಲುವ ಊಹೆಗಳೂ ಉಂಟು. ಮೆಡಿಟರೇನಿಯನ್ ಕಡಲು ಉಕ್ಕಿ ಬಾಸ್ಫರಸ್ ಜಲಸಂಧಿಯ ಮೂಲಕ ಕಪ್ಪುಸಮುದ್ರದ ತಗ್ಗಿಗೆ ಥಟ್ಟನೆ ನುಗ್ಗಿತೆಂದು ವಿಲಿಯಂ ರಯಾನ್ ಮತ್ತು ವಾಲ್ಟರ್ ಪಿಟ್ಮನ್ 1997ರಲ್ಲಿ ವಾದಿಸಿ, ಅದರ ಕಾಲವನ್ನು ಕ್ರಿಸ್ತಪೂರ್ವ 5600ರ ಸುಮಾರಿಗೆ ಇಟ್ಟರು. ನೀರು ಅಷ್ಟು ಬೇಗ ಅಷ್ಟು ಎತ್ತರಕ್ಕೆ ಏರಲಿಲ್ಲವೆಂದು ಅನಂತರದ ಶೋಧಕರು ಹಲವರು ಆಕ್ಷೇಪಿಸಿದರು. 2016ರಲ್ಲಿ ವೂ ಚಿಂಗ್‌ಲಾಂಗ್ ಮತ್ತು ಅವರ ಸಂಗಡಿಗರು, ಚೀನದ ಹಳದಿ ನದಿಯು ಜಿಶಿ ಕಮರಿಯಲ್ಲಿ ಭೂಕುಸಿತದಿಂದ ಕಟ್ಟಿಕೊಂಡು, ಕ್ರಿಸ್ತಪೂರ್ವ 1920ರ ಸುಮಾರಿಗೆ ಆ ಕಟ್ಟು ಒಡೆದು ಮಹಾಪ್ರವಾಹವಾಯಿತೆಂದೂ, ಯೂ ರಾಜನ ಕಥೆಗೆ ಅದೇ ಮೂಲವಿರಬಹುದೆಂದೂ ತಿಳಿಸಿದರು. ಅದರ ಮೇಲೂ ವಾದವಿವಾದಗಳಾದುವು. ಆದರೆ ಅದು ನಿಜವೆಂದೇ ಒಪ್ಪಿದರೂ ಸಾಹಿತ್ಯದ ಪ್ರಶ್ನೆ ಉಳಿದೇ ಇರುವುದು. ಯೂ ಹಡಗನ್ನು ಕಟ್ಟಲಿಲ್ಲ. ವರ್ಷಗಟ್ಟಲೆ ದುಡಿದು ಕಾಲುವೆಗಳನ್ನು ತೋಡಿ ನೀರನ್ನು ಕಡಲಿಗೆ ಹರಿಸಿದನು. ನೋಹನು ದೇವರ ಕೋಪದಿಂದ ಪಾರಾದನು. ಮನುವು ಮೀನನ್ನು ಸಾಕಿದನು. ನೀರು ಒಂದೇ ಜಾತಿಯದಾದರೂ ಕಥೆಗಳು ಮೂರು ಜಾತಿಯವು. ಈ ಭೇದವನ್ನು ಹುಟ್ಟಿಸಿದ್ದು ಕೆಸರಿನ ಪದರವಲ್ಲ, ಹೇಳಿದವರ ಮನಸ್ಸು.

ಮನುವಿನ ಹಡಗು ನಿಂತ ಉತ್ತರದ ಪರ್ವತವು ಹಿಮಾಲಯವೇ ಎಂದಿಟ್ಟುಕೊಂಡರೂ, ಥಟ್ಟನೆ ಬರುವ ನೀರಿಗೆ ಅಲ್ಲಿ ಬರಗಾಲವಿಲ್ಲ. ನಂಗಾಪರ್ವತದ ಬಳಿ ಕುಸಿದ ಗುಡ್ಡವು ಸಿಂಧುವನ್ನು ತಡೆದು, 1841ರ ಜೂನಿನಲ್ಲಿ ಆ ಕಟ್ಟು ಒಡೆದು, ಅಟಕಿನ ಬಳಿ ಬಿಡಾರಮಾಡಿದ್ದ ಸಿಖ್ಖರ ದಂಡನ್ನು ಕೊಚ್ಚಿಕೊಂಡು ಹೋಯಿತು. 1893ರಲ್ಲಿ ಗಢವಾಲದ ಗೋಹನಾ ಎಂಬಲ್ಲಿ ಇಂತಹುದೇ ಕುಸಿತವು ಬಿರಹಿಗಂಗೆಯನ್ನು ತಡೆದು ದೊಡ್ಡ ಸರೋವರವನ್ನು ಮಾಡಿತು. ಅದು ಮರುವರ್ಷದ ಆಗಸ್ಟಿನಲ್ಲಿ ತುಂಬಿ ಹೊರಡುವುದೆಂದು ಎಂಜಿನಿಯರುಗಳು ಲೆಕ್ಕಹಾಕಿ, ಕಣಿವೆಯುದ್ದಕ್ಕೂ ತಂತಿಯನ್ನೆಳೆದು, ನೀರು ಏರಬಹುದಾದ ಎತ್ತರಕ್ಕೆ ಗುರುತುಗಳನ್ನಿಟ್ಟು, ಜನರನ್ನು ಮೇಲಕ್ಕೆ ಕಳುಹಿಸಿದರು. 1894ರ ಆಗಸ್ಟಿನಲ್ಲಿ ನೀರು ಬಂದಿತು. ಗಢವಾಲದ ಶ್ರೀನಗರವು ಹಾಳಾಯಿತು. ತೆರವು ಮಾಡಿಸಿದ ಮೇಲೆಯೂ ಹಿಂದಿರುಗಿ ಬಂದ ಒಬ್ಬ ಫಕೀರನ ಕುಟುಂಬದ ಹೊರತು ಪ್ರಾಣಹಾನಿಯಾಗಲಿಲ್ಲ. ಇಂಥ ಯಾವುದೋ ಹಳೆಯ ನೀರು ಮನುವಿನ ಕಥೆಗೆ ನಿಮಿತ್ತವಾಗಿದ್ದರೆ ಆಶ್ಚರ್ಯವಿಲ್ಲ. ಅದು ಭೂತಾರ್ಥವಾದದ ಸಾಲಿಗೆ ಸೇರುವುದು, ಅಲ್ಲಗಳೆಯಲೂ ಆಗದು, ಸಾಧಿಸಲೂ ಆಗದು. ಆದರೆ ಗೋಹನೆಯಲ್ಲಿ ಕಥೆಗೆ ಹತ್ತಿರವಾದುದು ನೀರಲ್ಲ, ತಂತಿ. ಮೊದಲೇ ಹೇಳುವವರು ಇದ್ದರು, ಹೇಳಿದ್ದನ್ನು ಕೇಳುವವರು ಇದ್ದರು. ಆದುದರಿಂದ ಜನ ಉಳಿದರು. ಮೀನಿನ ಕಥೆಯ ವಿಧಿಯೂ ಇದೇ.

ಇಲ್ಲಿಯವರೆಗಿನ ವಿಚಾರವು ದೂರದ ನೀರುಗಳದು. ಸ್ಥಳವೂ ಕಾಲವೂ ಚಲಿಸದ, ಕಾಲ್ನಡಿಗೆಯಲ್ಲಿ ಹೋಗಿ ನೋಡಬಹುದಾದ ಒಂದು ಕಥೆ ಸಿಕ್ಕಿದರೆ ಈ ಒರೆಗಲ್ಲಿನ ಪರೀಕ್ಷೆ ಇನ್ನೂ ನಿಶ್ಚಿತವಾಗುವುದು. ಅಂಥದು ಮಂಡ್ಯದ ಸೀಮೆಯ ಅಂಚಿನಲ್ಲಿಯೇ ಇದೆ. ಇಲ್ಲಿ ಕಾವೇರಿಯು 250 ಕೋಟಿ ವರ್ಷಗಳಿಗೂ ಹಳೆಯದಾದ ಬಂಡೆಯ ಮೇಲೆ ಹರಿಯುತ್ತದೆ. ಮದ್ದೂರನ್ನು ಹಾದು ಬರುವ ಶಿಂಷೆಯು ಮಳವಳ್ಳಿಯ ತಾಲ್ಲೂಕಿನಲ್ಲಿ ಅದನ್ನು ಕೂಡುತ್ತದೆ. ಶಿವನಸಮುದ್ರದಲ್ಲಿ ಹೊಳೆ ಒಡೆದು ಧುಮುಕುವುದನ್ನೂ, ಮುತ್ತತ್ತಿಯ ಮಡುವಿನಲ್ಲಿ ಸೀತಾದೇವಿಯ ಒಡವೆ ಬಿದ್ದು ಆಂಜನೇಯನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನೆಂಬ ಕಥೆಯನ್ನೂ ಬಲ್ಲದವರಿಲ್ಲ. ಆದರೆ ಪ್ರಕೃತ ವಿಚಾರಕ್ಕೆ ಬೇಕಾದ ಕಥೆ ಮಳವಳ್ಳಿಗೆ ನೆರೆಯದಾದ ತಿರುಮಕೂಡಲು ನರಸೀಪುರದ ತಾಲ್ಲೂಕಿನ ತಲಕಾಡಿನದು.

ಕಥೆ ಪ್ರಸಿದ್ಧವಾದುದು. ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿ ತಿರುಮಲರಾಯನು ಬೆನ್ನುಹುಣ್ಣಿನ ಬಾಧೆಯಿಂದ ತಲಕಾಡಿನ ವೈದ್ಯೇಶ್ವರನ ಸೇವೆಗೆ ಹೋದನು. 1610ರಲ್ಲಿ ಪಟ್ಟಣವು ಮೈಸೂರಿನ ರಾಜ ಒಡೆಯರ ವಶವಾಯಿತು. ರಾಯನ ಪತ್ನಿ ಅಲಮೇಲಮ್ಮನ ಬಳಿಯಿದ್ದ ಒಡವೆಗಳನ್ನು ಶುಕ್ರವಾರಗಳಲ್ಲಿ ರಂಗನಾಯಕಿ ಅಮ್ಮನವರಿಗೆ ಅಲಂಕರಿಸುವ ವಾಡಿಕೆಯಿತ್ತು. ಆ ಒಡವೆಗಳಿಗಾಗಿ ಅರಮನೆಯಿಂದ ಜನ ಹೋದಾಗ ಆಕೆಯು ಮೂಗಿನ ಮುತ್ತಿನ ಆಭರಣವನ್ನು ಕೊಟ್ಟು, ಉಳಿದುವನ್ನು ಕಟ್ಟಿಕೊಂಡು ಹೊಳೆಗೆ ಹಾರಿದಳು. ತಲಕಾಡು ಮರಳಿನ ಪಾಲಾಗುವಂತೆ, ಮಾಲಂಗಿಯು ಆಳವಾದ ಮಡುವಾಗುವಂತೆ, ಮೈಸೂರಿನ ಅರಸರಿಗೆ ಸಂತಾನವಿಲ್ಲದಂತೆ ಆಕೆ ಶಪಿಸಿದಳೆಂದು ಪ್ರತೀತಿ. ರಾಜ ಒಡೆಯರು ನೊಂದು ಆಕೆಯ ಪ್ರತಿಮೆಯನ್ನು ಮಾಡಿಸಿ ಅರಮನೆಯಲ್ಲಿ ಪೂಜೆಗಿಟ್ಟರೆಂದೂ ಹೇಳುವರು.

ಗಂಗರ ರಾಜಧಾನಿಯಾಗಿದ್ದ ಊರು, ಚೋಳರನ್ನು ಗೆದ್ದ ನೆನಪಿಗೆ ಹೊಯ್ಸಳ ವಿಷ್ಣುವರ್ಧನನು ಕೀರ್ತಿನಾರಾಯಣನನ್ನು ನಿಲ್ಲಿಸಿದ ಊರು, ಮರಳಿನಲ್ಲಿ ಹೂತುಹೋದದ್ದು ಕಣ್ಣಿಗೆ ಕಾಣುವ ಸಂಗತಿ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ರಕಟವಾದ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ, ಅಲ್ಲಿಯ ಮರಳುದಿಬ್ಬಗಳು ಸುಮಾರು ಒಂದು ಮೈಲಿಯಷ್ಟು ಉದ್ದವಿದ್ದುವೆಂದೂ, ಮುಖ್ಯವಾಗಿ ನೈಋತ್ಯದ ಮಳೆಗಾಳಿಯ ಕಾಲದಲ್ಲಿ ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಷ್ಟು ಊರಿನ ಕಡೆಗೆ ಸರಿಯುತ್ತಿದ್ದುವೆಂದೂ ಹೇಳಿದೆ. ಈ ಅಂಕಿಗಳು ವಿಚಾರಕ್ಕೆ ಯೋಗ್ಯವಾಗಿವೆ. ಒಂದು ಮೈಲಿಗೆ 5280 ಅಡಿ. ವರ್ಷಕ್ಕೆ ಹತ್ತು ಅಡಿಯಂತೆ ನಡೆದರೂ ಅಷ್ಟು ದೂರಕ್ಕೆ ಐನೂರು ವರ್ಷಕ್ಕೆ ಮೇಲಾಗುವುದು. ಶಾಪದ ದಿನದಿಂದ ರೈಸ್ ಸಾಹೇಬರ ಕಾಲದವರೆಗೆ ಮುನ್ನೂರು ವರ್ಷವೂ ತುಂಬಿರಲಿಲ್ಲ. ದಿಬ್ಬದ ಉದ್ದವೇ ಅದು ನಡೆದ ದೂರವಲ್ಲ, ವೇಗವೂ ಎಂದೆಂದಿಗೂ ಒಂದೇ ಆಗಿರದು. ಆದುದರಿಂದ ಇದನ್ನು ಪ್ರಮಾಣವೆನ್ನಲಾಗದು. ಮರಳು ಶಾಪಕ್ಕಿಂತ ಹಳೆಯದಿರಬಹುದೆಂಬ ಸಂಶಯಕ್ಕೆ ಮಾತ್ರ ಇದು ಎಡೆಗೊಡುವುದು.

ಆ ಸಂಶಯವನ್ನು ಶಾಸ್ತ್ರೀಯವಾಗಿ ಹಿಡಿದು ಹೊರಟವರು ಕೃಷಿವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ. ಎನ್. ಗಣೇಶಯ್ಯನವರು. ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 2007ರಲ್ಲಿ ಪ್ರಕಟವಾದ ಅವರ ಲೇಖನದ ಅಭಿಪ್ರಾಯವು ಸ್ಥೂಲವಾಗಿ ಹೀಗಿದೆ: ವಿಜಯನಗರದ ಆರಂಭಕಾಲದಲ್ಲಿ, ಎಂದರೆ 14ನೆಯ ಶತಮಾನದಲ್ಲಿ, ತಲಕಾಡಿನ ಬಳಿ ಹೊಳೆಗೆ ಕಟ್ಟಿದ ಮಾಧವಮಂತ್ರಿಯ ಕಟ್ಟೆಯಿಂದ ನೀರಿನ ಹರಿವು ಬದಲಾಯಿತು; ಹೊಳೆಯ ತಿರುವಿನಲ್ಲಿ ಮರಳು ಬಯಲಾಗಿ ಬಿದ್ದಿತು; ಗಾಳಿಯು ಅದನ್ನು ಎತ್ತಿ ಊರಿನ ಮೇಲೆ ಸುರಿಯಿತು. ಹೀಗೆ ಶಾಪದ ಕಥೆಯು ಒಂದು ಪರಿಸರದ ವಿಪತ್ತಿನ ನೆನಪು. ಆ ಕಟ್ಟೆ ಈಗಲೂ ಇದೆ, ಅದರ ನಾಲೆಯಿಂದ ಗದ್ದೆಗಳು ಬೆಳೆಯುತ್ತಿವೆ. ಅನ್ನಕ್ಕಾಗಿ ಮಾಡಿದ ಒಂದು ಒಳ್ಳೆಯ ಕೆಲಸವೇ ಪಕ್ಕದ ಊರಿಗೆ ಮರಳನ್ನು ತಂದಿತೆಂಬ ಈ ವಿವರಣೆ ಗಂಭೀರವಾದುದು, ಪರೀಕ್ಷೆಗೆ ನಿಲ್ಲತಕ್ಕದ್ದು.

ಈಗ ಒರೆಗಲ್ಲನ್ನು ಹಿಡಿಯಬಹುದು. ತಲಕಾಡಿನಲ್ಲಿ ಮರಳಿದೆಯೆಂಬ ಮಾತು ಅನುವಾದ. ಅದಕ್ಕೆ ಕಣ್ಣೇ ಸಾಕ್ಷಿ. ಪತಿಯನ್ನು ಕಳೆದುಕೊಂಡು ಒಡವೆಗಾಗಿ ಪೀಡಿತಳಾದ ಒಬ್ಬ ಸ್ತ್ರೀ ಹೊಳೆಗೆ ಹಾರಿದಳೆಂಬುದು ಭೂತಾರ್ಥವಾದ. ಅದನ್ನು ಸುಳ್ಳೆನ್ನುವುದಕ್ಕೆ ಬಲವಾದ ಕಾರಣವಿಲ್ಲ, ನಿಜವೆಂದು ಸಾಧಿಸುವ ಶಾಸನವೂ ಕೈಯಲ್ಲಿಲ್ಲ. ಆಕೆಯ ಮಾತಿನಿಂದಲೇ ಮರಳು ಎದ್ದಿತೆಂಬುದು ಗುಣವಾದ. ಮರಳು ಗಾಳಿಯ ಮಾತನ್ನು ಕೇಳುವುದೇ ಹೊರತು ಮನುಷ್ಯರ ಮಾತನ್ನಲ್ಲ. ಆದರೆ ಗುಣವಾದವೆಂದರೆ ಸುಳ್ಳೆಂದು ಅರ್ಥವಲ್ಲ. ಕಂಬವನ್ನು ಸೂರ್ಯನೆಂದಾಗ ಕಂಬದ ಒಂದು ಗುಣವನ್ನು ಹೇಳಿದಂತೆ, ಮರಳನ್ನು ಶಾಪವೆಂದಾಗ ರಾಜ್ಯದ ಒಂದು ಗುಣವನ್ನು, ಒಂದು ಅವಗುಣವನ್ನು, ಹೇಳಿದಂತಾಯಿತು. ಅನಾಥಳ ಒಡವೆಗೆ ಕೈಚಾಚಿದ ರಾಜ್ಯದಲ್ಲಿ ಊರು ಬಾಳದು ಎಂಬುದು ಅದರ ತಾತ್ಪರ್ಯ. ಮೊದಲೇ ಬರುತ್ತಿದ್ದ ಮರಳಿಗೆ ಜನರು ಈ ಅರ್ಥವನ್ನು ತೊಡಿಸಿದರು.

ಹೀಗೆ ನೋಡಿದರೆ ಮನುವಿನ ಕಥೆಯೂ ಅಲಮೇಲಮ್ಮನ ಕಥೆಯೂ ಒಂದೇ ನಾಣ್ಯದ ಎರಡು ಮುಖಗಳೆಂದು ತಿಳಿಯುವುದು. ಅಲ್ಲಿ ಬಲವುಳ್ಳವನ ಕೈಯಲ್ಲಿ ಬಲವಿಲ್ಲದ್ದು ಉಳಿಯಿತು. ನೀರಿನಿಂದ ಲೋಕವೂ ಉಳಿಯಿತು. ಇಲ್ಲಿ ಬಲವುಳ್ಳವರ ಕೈಗೆ ಅಂಜಿ ಬಲವಿಲ್ಲದಾಕೆ ನೀರಿಗೆ ಬಿದ್ದಳು, ನೆಲವೂ ಹಾಳಾಯಿತು. ಎರಡೂ ಮಾತ್ಸ್ಯನ್ಯಾಯವನ್ನು ಕುರಿತ ಕಥೆಗಳೇ. ಭೂಗರ್ಭಶಾಸ್ತ್ರವು ನೀರು ಹೇಗೆ ಬಂದಿತೆಂದು ಹೇಳಬಲ್ಲುದು. ಯಾರು ಯಾರನ್ನು ಕಾಯಬೇಕಾಗಿತ್ತೆಂದು ಹೇಳಲಾರದು. ಕಥೆಯು ಅದನ್ನೇ ಹೇಳುವುದು. ನೀರಿನ ಕಾರಣವನ್ನು ಮಾತ್ರ ತನ್ನ ಮನಸ್ಸಿಗೆ ಬಂದಂತೆ ಹೇಳುವುದು.

ಇಷ್ಟನ್ನು ಪ್ರಾಚೀನರ ವಿಷಯವೆಂದು ಬಿಟ್ಟುಬಿಡಲಾಗದು. 1911ರಲ್ಲಿ ಕೆಲಸ ಮೊದಲಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯಿಂದ, ಹುಲಿಕೆರೆಯ ಸುರಂಗವನ್ನು ಹಾದು ಬರುವ ನಾಲೆಯು ಮೊದಲು ಇರ್ವಿನ್ ನಾಲೆಯೆಂದೂ ಈಗ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದು, ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿತು. ಈ ಸೀಮೆಯ ಮನೆಮನೆಯ ಅನ್ನವೂ ಬೆಲ್ಲವೂ ಆ ನೀರಿನವು. ಅದೇ ನೀರಿನ ಕೆಳಗೆ ಹಳೆಯ ಕನ್ನಂಬಾಡಿಯೂ ಅದರ ಸುತ್ತಣ ಹಲವು ಗ್ರಾಮಗಳೂ ಮುಳುಗಿದುವು. ಬರಗಾಲದಲ್ಲಿ ನೀರು ಇಳಿದಾಗ ವೇಣುಗೋಪಾಲನ ಗುಡಿ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಕಲ್ಲುಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿರುವರು. ಇದು ಬೆಳಕಿನಲ್ಲಿ ನಡೆದ, ಲೆಕ್ಕಪತ್ರಗಳುಳ್ಳ, ಯಾರ ಶಾಪವೂ ಕೋಪವೂ ಇಲ್ಲದ ಜಲಾವರಣ. ಮುಂದೆ ಸಾವಿರ ವರ್ಷಗಳ ತರುವಾಯ ಯಾರಾದರೂ ಅಗೆದರೆ ಹೂಳಿನ ಪದರವೂ ಕಟ್ಟೆಯ ಕಲ್ಲೂ ಸಿಕ್ಕುವುವು. ಶಾಸ್ತ್ರವು ಅದರ ಕಾಲವನ್ನು ನಿಖರವಾಗಿ ಹೇಳುವುದು. ಆದರೆ ಗದ್ದೆಯವರು ಮುಳುಗಿದ ಊರಿನವರನ್ನು ನೆನೆದರೇ ಎಂಬ ಪ್ರಶ್ನೆಗೆ ಹೂಳಿನಲ್ಲಿ ಉತ್ತರವಿಲ್ಲ. ಅದಕ್ಕೆ ಕಥೆ ಬೇಕು. ಗದ್ದೆಯ ಸೀಮೆಯಲ್ಲಿ ಆ ಕಥೆ ಮನೆಮಾತಾದಂತೆ ಕಾಣದು.

ಪುರಾಣವನ್ನು ವಿಜ್ಞಾನವು ಒಪ್ಪಿತೆಂದು ಹಿಗ್ಗುವುದರಿಂದ ಪುರಾಣಕ್ಕೆ ಗೌರವ ಬಾರದು. ನಾಳೆ ಆ ವಿಜ್ಞಾನವೇ ತನ್ನ ಊಹೆಯನ್ನು ತಿದ್ದಿಕೊಂಡರೆ ಪುರಾಣವನ್ನೂ ಅದರೊಂದಿಗೆ ಕೈಬಿಡಬೇಕಾಗುವುದು. ಹೊಳೆಯ ಉಕ್ಕಷ್ಟೇ ಎಂದು ನಗುವುದರಿಂದ ವಿಜ್ಞಾನಕ್ಕೂ ಗೌರವ ಬಾರದು. ಮರಳು ಏಕೆ ಬಂದಿತೆಂದು ತಿಳಿದವನು, ಇಂದು ಅದೇ ಹೊಳೆಗಳ ಮರಳನ್ನು ಲಾರಿಗಳಲ್ಲಿ ತುಂಬಿ ಒಯ್ಯುವುದರ ಫಲವನ್ನೂ ಲೆಕ್ಕಹಾಕಬೇಕಾದವನಲ್ಲವೆ? ನಿಮಿತ್ತವನ್ನು ಶಾಸ್ತ್ರದಿಂದ ಕಲಿಯುವುದು, ತಾತ್ಪರ್ಯವನ್ನು ಕಥೆಯಿಂದ ಕಲಿಯುವುದು, ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸದಿರುವುದು, ಇದೇ ವಿಮರ್ಶಕನಿಗೂ ಗೃಹಸ್ಥನಿಗೂ ಉಚಿತವಾದ ದಾರಿ.

ಪಂಚಲಿಂಗದರ್ಶನಕ್ಕೆಂದು ತಲಕಾಡಿಗೆ ಹೋದ ಮಗುವು ಕಾಲು ಹೂತುಹೋಗುವ ದಾರಿಯಲ್ಲಿ ನಿಂತು, ಇಷ್ಟು ಮರಳು ಎಲ್ಲಿಂದ ಬಂತೆಂದು ಕೇಳುವುದು. ಹಿರಿಯರು ಗಾಳಿಯನ್ನೂ ಕಟ್ಟೆಯನ್ನೂ ಹೊಳೆಯ ತಿರುವನ್ನೂ ತೋರಿಸಿ ಹೇಳಲಿ. ಅಲಮೇಲಮ್ಮನನ್ನೂ ಹೇಳಲಿ. ಒಂದನ್ನು ಹೇಳಿದೆವಾದುದರಿಂದ ಇನ್ನೊಂದು ಬೇಡವೆಂದು ಮಾತ್ರ ಹೇಳದಿರಲಿ.